ಅತ್ತೆಯ ಕಣ್ಣಿನಿಂದ ತೆಗೆದ ಹರಳು

ಎಪ್ಪತ್ತರ ದಶಕದಲ್ಲಿ ನಾನು ಮೇಗರವಳ್ಳಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆಗೆ ನನ್ನ ಮುಖ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಬಳೆಯ ಸದ್ದಿನಿಂದ ನನ್ನನ್ನು, ಕೆಮ್ಮಿನಿಂದ ಮಾವನನ್ನು ಗುರುತಿಸುತ್ತಿದ್ದರು. ಒಂದು ಮಧ್ಯಾಹ್ನ ಹಗ್ಗದ ಮೇಲೆ ಒಣಹಾಕಿದ್ದ ನನ್ನ ಸೀರೆಯ ಎದುರು ನಿಂತು, ಮೀನಿನ ಸಾರಿಗೆ ಎಷ್ಟು ಹುಳಿ ಬೇಕು ಎಂದು ವಿವರಿಸುತ್ತಿದ್ದರು.

"ಅತ್ತೆಮ್ಮ, ನಾನು ಇಲ್ಲಿದ್ದೀನಿ" ಎಂದೆ ಹಿಂದಿನಿಂದ.

ಅವರು ಸೀರೆಯನ್ನು ಮುಟ್ಟಿ ನೋಡಿ ನಕ್ಕುಬಿಟ್ಟರು. "ಎಂತಾ ಒಳ್ಳೆ ಸೊಸೆ, ಎದುರು ಮಾತೇ ಆಡ್ಲಿಲ್ಲ ಅಂದ್ಕೊಂಡೆ!"

ಆ ಚಳಿಗಾಲದಲ್ಲಿ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ನಡೆಯಿತು. ಅತ್ತೆಯ ಜೊತೆ ನಾನು ಹೋದೆ. ಒಂದು ಕಣ್ಣಿಗೆ ಮಾತ್ರ ಆಪರೇಷನ್ ಎಂದರು. ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೂ ಅತ್ತೆಗೆ ಎಚ್ಚರವಿತ್ತು. ಹೊರಗೆ ತಂದು ಮಲಗಿಸಿದಾಗ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಎರಡೂ ಬದಿಗೆ ಮರಳಿನ ಚೀಲ. ಅಲ್ಲಾಡಬಾರದು, ಕೆಮ್ಮಬಾರದು ಎಂದು ನರ್ಸ್ ಗದರಿದರು. ಅತ್ತೆ ಮಾತ್ರ ತುಟಿ ಅಲುಗಿಸಿ ಪಿಸುಗುಟ್ಟಿದರು: "ಎಂತದೋ ಒಂದು ಹೊರಗೆ ಬಂತು ಕಣೆ. ಬಂದ ಕೂಡ್ಲೆ ಬೆಳಕು ಕಣ್ಣೊಳಗೆ ನುಗ್ಗಿದ ಹಂಗಾಯ್ತು. ಅದೆಂತದು ಅಂತ ಕೇಳು."

ಸಂಜೆ ನೋಡಲು ಬಂದ ಡಾಕ್ಟರನ್ನು ನಾನು ಕೇಳುವ ಮೊದಲೇ ಅತ್ತೆಯೇ ಕೇಳಿದರು. "ತೆಗ್ದಿದ್ದನ್ನ ಬಿಸಾಡ್ಬೇಡಿ ಡಾಕ್ಟ್ರೆ. ನಾ ನೋಡ್ಬೇಕು."

ಡಾಕ್ಟರು ಚಿಕ್ಕ ವಯಸ್ಸಿನವರು. ಇಂಥ ಕೋರಿಕೆ ಅವರಿಗೂ ಹೊಸದಿರಬೇಕು. ಪಟ್ಟಿ ಬಿಚ್ಚಿದ ದಿನ ಅತ್ತೆಯ ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ ಇಟ್ಟು, ಕೈಗೆ ಒಂದು ಪುಟ್ಟ ಸೀಸೆ ಕೊಟ್ಟರು. ಒಳಗೆ ಹಳೇ ಬೆಲ್ಲದ ಬಣ್ಣದ ಹರಳು. ಹುಣಸೆಬೀಜಕ್ಕಿಂತ ತುಸು ಚಿಕ್ಕದು.

"ಪೊರೆ ಅಂದ್ರೆ ಕಣ್ಣಿನ ಮೇಲೆ ಬೆಳ್ಯೋ ಚರ್ಮ ಅಲ್ವಾ?"

"ಅಲ್ಲಮ್ಮ. ಹುಟ್ಟಿದಾಗಿಂದ ಒಳಗೇ ಇರುವ ಹರಳು ಇದು. ಮೊದಲು ನೀರಿನಷ್ಟು ತಿಳಿಯಾಗಿತ್ತು, ವಯಸ್ಸಾದ ಹಾಗೆ ಮಂಜಾಯಿತು."

"ಹಂಗಾದ್ರೆ ನನ್ನ ಮದ್ವೆ, ಮಕ್ಳು, ಎಲ್ಲಾ ಇದ್ರೊಳಗಿಂದ್ಲೇ ನೋಡಿದ್ದಾ?" ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಅಯ್ಯೋ, ನಿನ್ ಗಲ್ಲದ ಮೇಲೆ ಮಚ್ಚೆ ಇದ್ಯಲ್ಲೇ! ಯಾರೂ ಹೇಳ್ಲೇ ಇಲ್ಲ."

ಮನೆಗೆ ಬಂದ ಮೇಲೆ ಹೊಸ ತೊಂದರೆಗಳು ಶುರುವಾದವು. ಆ ಕನ್ನಡಕದಲ್ಲಿ ಎಲ್ಲವೂ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿತ್ತು. ಲೋಟಕ್ಕೆ ಕೈ ಚಾಚಿದರೆ ಗಾಳಿ ಸಿಗುತ್ತಿತ್ತು. ಬಾಗಿಲಿನ ಚೌಕಟ್ಟು ಬಿಲ್ಲಿನಂತೆ ಬಾಗಿತ್ತು. ಪಕ್ಕದಿಂದ ಬರುವ ಬೆಕ್ಕು ನೆಲದಿಂದ ಚಿಮ್ಮಿದ ಹಾಗೆ ಥಟ್ಟನೆ ಎದುರಾಗುತ್ತಿತ್ತು. ಬೇರೆಯವರಾಗಿದ್ದರೆ ಕನ್ನಡಕ ಎತ್ತಿಡುತ್ತಿದ್ದರೇನೋ. ಅತ್ತೆ ಜಗಲಿಯಲ್ಲಿ ಕುಳಿತು, ಅಂಗಳದಲ್ಲಿ ತಮ್ಮ ಸುತ್ತ ನಿಧಾನವಾಗಿ ನಡೆಯಲು ನನಗೆ ಹೇಳಿದರು.

"ಕಾಣ್ತಿ... ಕಾಣ್ತಿ... ನಿಲ್ಲು! ಈಗ ನೀನು ಇಲ್ವೇ ಇಲ್ಲ. ಒಂದು ಹೆಜ್ಜೆ ಬಾ. ಹಾಂ, ಈಗ ಬಂದೆ."

ಗಾಜಿನ ಅಂಚಿನ ಹತ್ತಿರ ಏನೂ ಕಾಣದ ಒಂದು ಪಟ್ಟಿ ಇದೆಯೆಂದು ಹೀಗೆ ಅವರೇ ಕಂಡುಕೊಂಡರು. ಅಂದಿನಿಂದ ಕಣ್ಣನ್ನಷ್ಟೇ ಹೊರಳಿಸುವ ಬದಲು ಇಡೀ ತಲೆ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಂಡರು. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ಕೈ ಬಿಡುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದಾಗ ಇನ್ನೊಂದು ಕಣ್ಣು ಪೂರ್ತಿ ಮಂಜಾಯಿತು. ಈ ಸಲ ಶಿವಮೊಗ್ಗಕ್ಕೆ ಹೋದೆವು. ಅಲ್ಲಿನ ಡಾಕ್ಟರಮ್ಮ, ಹಳೆಯ ಹರಳು ತೆಗೆದು ಅದೇ ಜಾಗದಲ್ಲಿ ಪ್ಲಾಸ್ಟಿಕ್ ಲೆನ್ಸ್ ಕೂರಿಸುತ್ತೇವೆ, ದಪ್ಪ ಕನ್ನಡಕ ಬೇಡ ಎಂದರು. ತೋರಿಸಲೆಂದೇ ಇಟ್ಟಿದ್ದ ಒಂದು ಲೆನ್ಸನ್ನು ಅತ್ತೆಯ ಅಂಗೈಯಲ್ಲಿ ಇಟ್ಟರು. ಎರಡು ಕಡೆ ಸಣ್ಣ ಎಳೆಗಳು ಬಾಗಿದ್ದವು.

"ಸೀಗಡಿ ಹಂಗೆ ಮೀಸೆ ಬೇರೆ ಉಂಟು" ಎಂದು ಅತ್ತೆ ಬೆರಗಾದರು. "ಇದು ಒಳಗೆ ಕೊಳ್ಯೋದಿಲ್ವಾ?"

"ಇಲ್ಲಮ್ಮ. ಆ ಮೀಸೆಗಳೇ ಅದನ್ನು ಹಿಡಿದುಕೊಳ್ಳುತ್ತವೆ."

ಮರಳಿನ ಚೀಲವಿಲ್ಲ, ಅಲ್ಲಾಡದೆ ಮಲಗುವ ಶಿಕ್ಷೆಯಿಲ್ಲ. ಬೇಗನೆ ಮನೆಗೆ ಬಂದೆವು. ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ನನ್ನನ್ನು ಎದುರು ಕೂರಿಸಿಕೊಂಡರು. ದಪ್ಪ ಕನ್ನಡಕ ಹಾಕಿ ಮೊದಲು ಆಪರೇಷನ್ ಆದ ಕಣ್ಣಿನಿಂದ ನೋಡಿದರು, ಅದನ್ನು ತೆಗೆದು ಹೊಸ ಕಣ್ಣಿನಿಂದ ನೋಡಿದರು.

"ಅದ್ರಲ್ಲಿ ನೀನು ದೊಡ್ಡ ಹೆಂಗ್ಸು, ಇದ್ರಲ್ಲಿ ಸಣ್ಣ ಹುಡ್ಗಿ. ಯಾವ ಕಣ್ಣು ಹೇಳಿದ್ದು ನಿಜ?"

ನನಗೆ ನಗು ಬಂತು. ಎರಡು ಮಕ್ಕಳ ತಾಯಿ ನಾನು. "ನಿಮಗೆ ಯಾವುದು ಬೇಕೋ ಅದು" ಎಂದೆ.

"ನಡ್ಯೋಕೆ ಇದೇ ಸಾಕು" ಎಂದು ಕನ್ನಡಕವನ್ನು ನನ್ನ ಮಡಿಲಿಗೆ ಹಾಕಿ, ಜಗಲಿಯ ಮೆಟ್ಟಿಲುಗಳನ್ನು ಒಬ್ಬರೇ ಇಳಿದು ಕೊಟ್ಟಿಗೆಯ ಕಡೆ ಹೋದರು.