ಚೆಂಡಿನ ಮ್ಯಾನೇಜರ್

ಮೊನ್ನೆ ಮಗಳ ಬಾಣಂತನಕ್ಕೆಂದು ಔಡಲೆಣ್ಣೆ ಕಾಸುತ್ತಿದ್ದೆ. ಎಣ್ಣೆ ಬಿಸಿಯಾಗಿ ಅದರ ಜಿಡ್ಡು ವಾಸನೆ ಮನೆಯೆಲ್ಲ ತುಂಬಿತು. ಆ ವಾಸನೆಗೆ ಹೆಂಗಸಾದವಳಿಗೆ ಕೂಸು ನೆನಪಾಗಬೇಕು, ಎರೆಯುವ ಬಿಸಿನೀರು ನೆನಪಾಗಬೇಕು. ನನಗೆ ನೆನಪಾದದ್ದು ಫುಟ್‌ಬಾಲು. ನಗಬೇಡಿ. ಆಗಿನ ಚೆಂಡು ತೊಗಲಿನದು. ಮಳೆಗೆ ನೆನೆದರೆ ಕುಂಬಳಕಾಯಿಯಷ್ಟು ಭಾರ, ಬಿಸಿಲಿಗೆ ಒಣಗಿದರೆ ಮೈಯೆಲ್ಲ ಬಿರುಕು. ಅದನ್ನು ಹದವಾಗಿಡಲು ಔಡಲೆಣ್ಣೆ ತಿಕ್ಕಬೇಕಾಗುತ್ತಿತ್ತು. ತಿಕ್ಕುವವರು ನಮ್ಮ ಯಜಮಾನರು, ತಿಕ್ಕುವ ಜಾಗ ನಮ್ಮ ಮನೆಯ ಕಟ್ಟೆ, ಎಣ್ಣೆ ನಾನು ತವರಿನಿಂದ ತಂದದ್ದು. "ನಿಮ್ಮ ತಲಿಗಿ ಹಚ್ಚತೀನಿ ಬರ್ರಿ ಅಂದ್ರ ಒಲ್ಲೆ ಅಂತೀರಿ, ಚೆಂಡಿಗಿ ಮಾತ್ರ ಎಣ್ಣೀನ?" ಎಂದು ನಾನು ಸಿಟ್ಟಾಗುತ್ತಿದ್ದೆ. ಅವರ ತಲೆಗೂ ಆ ಚೆಂಡಿಗೂ ಇದ್ದ ಸಂಬಂಧ ನನಗಿನ್ನೂ ತಿಳಿದಿರಲಿಲ್ಲ.

ನಾನು ಮೂಡಲಗಿಯವಳು. ಮದುವೆಯಾಗಿ ಗೋಕಾಕ ಫಾಲ್ಸಿಗೆ ಬಂದಾಗ ಮೊದಲು ಬೆರಗಾದದ್ದು ನೀರಿಗಲ್ಲ, ಅಲ್ಲಿನ ಮಂದಿಯ ದನಿಗೆ. ಒಂದು ಕಡೆ ನೀರು ಬೀಳುವ ಸದ್ದು, ಇನ್ನೊಂದು ಕಡೆ ಗಿರಣಿಯ ಸದ್ದು. ಎರಡರ ನಡುವೆ ಬಾಳುವ ಜನ ಪಿಸುಮಾತು ಎಂಬುದನ್ನೇ ಮರೆತಿದ್ದರು. ಗಂಡ ಹೆಂಡತಿ ಗುಟ್ಟು ಮಾತಾಡಿದರೂ ನಾಲ್ಕು ಮನೆಗೆ ಕೇಳುತ್ತಿತ್ತು. ನಾಲ್ಕು ಮನೆಯವರೂ ಅದಕ್ಕೆ ತಮ್ಮ ಅಭಿಪ್ರಾಯ ಹೇಳುತ್ತಿದ್ದರು.

ಫಾಲ್ಸಿನಲ್ಲಿ ಆಗ ಇಬ್ಬರು ಮ್ಯಾನೇಜರರಿದ್ದರು. ಒಬ್ಬರು ಗಿರಣಿಯ ಮ್ಯಾನೇಜರ್, ಬಂಗಲೆಯಲ್ಲಿದ್ದ ಸಾಹೇಬರು. ಅವರನ್ನು ನಾನು ದೂರದಿಂದ ಒಮ್ಮೆ ಕಂಡಿದ್ದೇನೆ, ಅದೂ ಟೋಪಿಯನ್ನು ಮಾತ್ರ. ಇನ್ನೊಬ್ಬರು ಈರಪ್ಪ, ನಮ್ಮ ಲೈನಿನಲ್ಲೇ, ಗಿರಣಿಯ ಆಳುಗಳ ಮನೆಸಾಲಿನಲ್ಲೇ ಇದ್ದವರು, ನೂಲಿನ ಖಾತೆಯಲ್ಲಿ ಜಾಬರ್, ಎಂದರೆ ಮೇಸ್ತ್ರಿ. ಹಣೆ ತುಂಬ ವಿಭೂತಿ, ತುಟಿ ಮುಚ್ಚುವ ಮೀಸೆ. ಫುಟ್‌ಬಾಲ್ ತಂಡಕ್ಕೆ ಆಡುವವರನ್ನು ಆರಿಸುವುದು, ಬೇರೆ ಊರಿನ ತಂಡಗಳನ್ನು ಕರೆಸುವುದು, ಜಗಳವಾದರೆ ನಡುವೆ ನಿಲ್ಲುವುದು, ಎಲ್ಲ ಅವರದೇ. ಹೀಗಾಗಿ ಅವರಿಗೆ 'ಚೆಂಡಿನ ಮ್ಯಾನೇಜರ್' ಎಂದೇ ಹೆಸರು. ದೊಡ್ಡ ಮ್ಯಾನೇಜರರನ್ನು ಬೈಯುವ ಧೈರ್ಯ ಯಾರಿಗೂ ಇರಲಿಲ್ಲವಾಗಿ ಅವರ ಪಾಲಿನ ಬೈಗಳೂ ಈ ಮ್ಯಾನೇಜರರಿಗೇ ಬರುತ್ತಿದ್ದವು ಎಂದು ನನ್ನ ಅನುಮಾನ.

ನಮ್ಮ ಯಜಮಾನರು, ದುಂಡಪ್ಪ ಎಂದು ಜನ ಕರೆಯುವವರು, ತಂಡದ ಮುಂದಿನ ಸಾಲಿನಲ್ಲಿ ನಡುವೆ ಆಡುತ್ತಿದ್ದರು. ಎತ್ತರದ ಆಳು. ಗಾಳಿಯಲ್ಲಿ ಬಂದ ಚೆಂಡಿಗೆ ಹಾರಿ ತಲೆ ಕೊಟ್ಟರೆಂದರೆ ಅದು ಗೋಲಿನ ಒಳಗೇ. ಮೈದಾನದ ಮೇಲಿನ ದಿಬ್ಬದಲ್ಲಿ ಹೆಂಗಸರು ಕುಳಿತು ನೋಡುತ್ತಿದ್ದೆವು. ನನಗೆ ಆಟದ ತಲೆಬುಡ ತಿಳಿಯದು. ಆಟ ಶುರುವಾದಾಗ ಇವರು ಯಾವ ಕಡೆ ಓಡಿದರೋ ಕೊನೆಯವರೆಗೂ ಆ ಕಡೆಯೇ ಗೋಲಾಗಲಿ ಎಂದು ಬಸವಣ್ಣನಿಗೆ ಬೇಡಿಕೊಳ್ಳುತ್ತಿದ್ದೆ. ಅರ್ಧ ಆಟಕ್ಕೆ ದಿಕ್ಕು ಬದಲಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೊದಲ ಕೆಲವು ಆಟಗಳಲ್ಲಿ ಅರ್ಧ ಹೊತ್ತು ಎದುರಾಳಿಗಳಿಗಾಗಿಯೇ ಬೇಡಿಕೊಂಡಿದ್ದೇನೆ. ಬಸವಣ್ಣ ನನ್ನ ಮನಸ್ಸು ಬಲ್ಲವನು, ಬಾಯಿ ಕೇಳಲಿಲ್ಲ.

ಆ ಭಾನುವಾರ ಸಂಕೇಶ್ವರದ ತಂಡ ಬಂದಿತ್ತು. ಮಳೆಗಾಲ ಆಗಷ್ಟೇ ಹಿಂದೆ ಸರಿದಿತ್ತು, ಹುಲ್ಲು ಇನ್ನೂ ಹಸಿ. ಅವರ ಜೊತೆ ಹಲಗೆ ಬಾರಿಸುವವರೂ ಬಂದಿದ್ದರು. ನಮ್ಮ ನೆಲದಲ್ಲಿ ನಮ್ಮವರು ಸೋತು ಬಹಳ ದಿನವಾಗಿತ್ತು. ಸೋಲುವುದು ಹೇಗೆಂದೇ ಜನಕ್ಕೆ ಮರೆತುಹೋಗಿತ್ತು. ನಮ್ಮ ಯಜಮಾನರು ಮೊದಲ ಅರ್ಧದಲ್ಲೇ ಒಂದು ಗೋಲು ಹೊಡೆದರು. ದಿಬ್ಬದ ಮೇಲೆ ಹೆಂಗಸರೆಲ್ಲ ನನ್ನ ಬೆನ್ನು ತಟ್ಟಿದರು, ನಾನೇ ಹೊಡೆದೆನೋ ಎಂಬಂತೆ.

ಎರಡನೆಯ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಚೆಂಡು ಎತ್ತರಕ್ಕೆ ಬಂತು. ಇವರು ಹಾರಿದರು, ಸಂಕೇಶ್ವರದವನೊಬ್ಬನೂ ಹಾರಿದ. ತಲೆಗೆ ತಲೆ ಬಡಿದ ಸದ್ದು ದಿಬ್ಬದವರೆಗೆ ಕೇಳಿಸಿತು. ಇವರು ಬಿದ್ದರು. ನಾನು ದಿಬ್ಬದ ಮೇಲೆ ಎದ್ದು ನಿಂತೆ. ಅಷ್ಟರಲ್ಲಿ ಇವರು ಎದ್ದು ಕೂತು, ನಿಂತು, ಕೈ ಎತ್ತಿ ತೋರಿಸಿದರು. ಜನ ಹೋ ಎಂದಿತು. ಮೈದಾನದ ಅಂಚಿಗೆ ಬಂದು ನೀರು ಕುಡಿದು ಈರಪ್ಪನವರಿಗೆ ಏನೋ ಹೇಳಿದ್ದು ಕಂಡಿತು. ಹೇಳಿದ್ದೇ ತಡ, ಈರಪ್ಪನವರು ಇವರನ್ನು ಅಲ್ಲೇ ಕೂರಿಸಿಬಿಟ್ಟರು. ಇವರು ಏಳಲು ನೋಡಿದರು, ಅವರು ಏಳಗೊಡಲಿಲ್ಲ. ಸೀಟಿಯವನು ಬಂದು ಕೇಳಿದ. ಈರಪ್ಪನವರು ತಲೆ ಅಲ್ಲಾಡಿಸಿದರು. ಆಗೆಲ್ಲ ಒಬ್ಬನ ಬದಲು ಇನ್ನೊಬ್ಬನನ್ನು ಇಳಿಸುವ ಪದ್ಧತಿ ಇರಲಿಲ್ಲ. ನಮ್ಮವರು ಹತ್ತೇ ಮಂದಿ ಉಳಿದರು.

"ಏ ಈರಪ್ಪಾ, ಬಿಡೋ ಅವನ್ನ!" ಎಂದು ಒಬ್ಬ ಕೂಗಿದ. ಆಮೇಲೆ ಮೈದಾನವೇ ಕೂಗಿತು. ಸಂಕೇಶ್ವರದವರು ಒಂದು ಗೋಲು ಹೊಡೆದರು. ಕೂಗು ಬೈಗಳಾಯಿತು. ಇನ್ನೊಂದು ಹೊಡೆದರು. ಬೈಗಳು ಏನಾಯಿತೆಂದು ಇಲ್ಲಿ ಬರೆಯಲಾರೆ. ಈರಪ್ಪನವರು ಮಾತ್ರ ಕಲ್ಲಿನ ಹಾಗೆ ನಿಂತಿದ್ದರು. ಅವರ ಹಿರಿಯ ಮಗಳನ್ನು ಸಂಕೇಶ್ವರಕ್ಕೆ ಕೊಟ್ಟಿದ್ದರು ನೋಡಿ, ಅದು ಜನಕ್ಕೆ ಆ ಹೊತ್ತಿಗೆ ನೆನಪಾಯಿತು. ಚಹಾ ಅಂಗಡಿಯ ಹಸನಸಾಬರು ಒಂದು ಬಂಡೆ ಹತ್ತಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಮಗಳನ್ನ ಕೊಟ್ಟ ಊರಿಗಿ ಆಟಾನೂ ಕೊಟ್ಟಬಿಟ್ರಿ, ಮ್ಯಾನೇಜರ! ನಾಳಿಂದ ನನ್ನ ಅಂಗಡ್ಯಾಗ ನಿಮಗ ಚಾ ಇಲ್ಲ!"

ಸಂಕೇಶ್ವರದವರು ಹಲಗೆ ಬಾರಿಸುತ್ತ ಹೋದರು. ನಮ್ಮವರಲ್ಲಿ ಕೆಲವರು ಸತ್ತ ಮನೆಯಿಂದ ಬಂದವರಂತೆ ತಲೆ ತಗ್ಗಿಸಿ ನಡೆದರು. ಒಬ್ಬ ತನ್ನ ರುಮಾಲು ಬಿಚ್ಚಿ ನೆಲಕ್ಕೆ ಬಡಿದ, ಆಮೇಲೆ ಕೆಸರು ನೋಡಿ ತಾನೇ ಎತ್ತಿ ಜಾಡಿಸಿಕೊಂಡ. ನಾನು ದಿಬ್ಬ ಇಳಿದು ಮನೆಗೆ ಓಡಿದೆ.

ಇವರು ನನಗಿಂತ ಮುಂಚೆಯೇ ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ನಕ್ಕರು. "ಆಟ ಎಷ್ಟೊತ್ತಿಗಿ ಐತಿ?" ಎಂದರು.

ಚೇಷ್ಟೆ ಎಂದುಕೊಂಡೆ. "ಆಟ ಮುಗೀತ್ರಿ."

"ಹೌದಾ? ಯಾರು ಗೆದ್ರು?"

"ಅವರು."

ಮುಖ ಸಣ್ಣದಾಯಿತು. ನಾನು ಒಳಗೆ ಹೋಗಿ ನೀರು ತಂದೆ. ತಂಬಿಗೆ ತೆಗೆದುಕೊಂಡು ಮತ್ತೆ ಅದೇ ನಗು, ಅದೇ ದನಿ. "ಆಟ ಎಷ್ಟೊತ್ತಿಗಿ ಐತಿ?" ಮತ್ತೆ ಹೇಳಿದೆ. ಮತ್ತೆ ಮುಖ ಸಣ್ಣದಾಯಿತು, ಮೊದಲ ಸಲ ಕೇಳಿದವರಂತೆ. ಹೀಗೆ ಆ ಸಂಜೆ ಊರೆಲ್ಲ ಒಂದು ಸಲ ಸೋತರೆ ನಮ್ಮವರೊಬ್ಬರು ಎಷ್ಟು ಸಲ ಸೋತರೋ. ನನಗೆ ಅವರ ಆ ಮುಖ ನೋಡಲಾಗಲಿಲ್ಲ. ಮುಂದಿನ ಸಲ ಕೇಳಿದಾಗ "ನಾವ ಗೆದ್ವಿ" ಎಂದೆ. ಅವರಿಗಾದ ಸಂತೋಷವನ್ನು ಏನು ಹೇಳಲಿ! ಕೂಸಿನ ಹಾಗೆ ನಕ್ಕರು. ನಾನು ಬಾಗಿಲ ಮರೆಗೆ ಹೋಗಿ ಅತ್ತೆ.

ಅಷ್ಟರಲ್ಲಿ ಹಿತ್ತಲ ಬಾಗಿಲು ಸದ್ದಾಯಿತು. ಈರಪ್ಪನವರು ದವಾಖಾನೆಯ ಡಾಕ್ಟರರನ್ನು ಕರೆದುಕೊಂಡು ಬಂದಿದ್ದರು. ಮುಂದಿನಿಂದ ಬರುವ ಹಾಗಿರಲಿಲ್ಲ. ಲೈನಿನ ತುಂಬ ಜನ ನಿಂತಿದ್ದರು. ಇವರನ್ನು ಒಳಗೆ ಕೂರಿಸಿಕೊಂಡು ಡಾಕ್ಟರರು ಕಂದೀಲು ಎತ್ತಿ ಕಣ್ಣು ನೋಡಿದರು, ಬೆರಳು ತೋರಿಸಿ ಕೇಳಿದರು. "ತಲೆಗೆ ಪೆಟ್ಟು ಬಿದ್ದಿದೆ. ಆರಾಮ ಆಗ್ತಾನೆ. ಆದರೆ ಒಬ್ಬನ್ನೇ ಬಿಡಬೇಡಿ, ಕೆಲವು ದಿನ ಕೆಲಸಕ್ಕೂ ಬೇಡ. ಇನ್ನೊಂದು ಪೆಟ್ಟು ಬಿದ್ದಿದ್ದರೆ ನಾನು ಬಂದೂ ಉಪಯೋಗ ಇರಲಿಲ್ಲ" ಎಂದು ಹೇಳಿ ಹೋದರು.

ಈರಪ್ಪನವರು ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತರು. ಫಾಲ್ಸಿನಲ್ಲಿ ನಾನು ಕೇಳಿದ ಮೊದಲ ಪಿಸುಮಾತು ಅದೇ. "ನೀರು ಕುಡ್ಯಾಕ ಬಂದವ ನನಗ ಏನ ಕೇಳಿದ ಗೊತ್ತೈತೇನವಾ? 'ಕಾಕಾ, ನಾವು ಯಾವ ಕಡೆ ಹೊಡೀಬೇಕು?' ಅಂದ. ನನ್ನ ಜೀವಾನ ಹೋತು. ಮಂದಿ ಮುಂದ ಇದನ್ನ ಹೇಳಬ್ಯಾಡ. ಹೆಸರ ಇಟ್ಟಬಿಡತಾರ."

ಅವರ ಅಂಜಿಕೆ ಸುಳ್ಳಲ್ಲ. ನಮ್ಮ ಕಡೆ ಜನ ಒಮ್ಮೆ ಒಂದು ಹೆಸರಿಟ್ಟರೆ ಅದು ಮನೆತನದ ಅಡ್ಡಹೆಸರೇ ಆಗಿಬಿಡುತ್ತದೆ. ಯಾರೋ ಮುತ್ತಜ್ಜ ಒಂದು ಸಲ ಕೆಸರಲ್ಲಿ ಜಾರಿ ಬಿದ್ದದ್ದಕ್ಕೆ ಇವತ್ತು ಅವರ ಮರಿಮಕ್ಕಳು ಶಾಲೆಯ ಹಾಜರಿಯಲ್ಲಿ 'ರಾಡಿ' ಎಂದು ಕರೆಸಿಕೊಳ್ಳುವುದನ್ನು ನಾನು ಬಲ್ಲೆ. ದಿಕ್ಕು ತಪ್ಪಿದ ದುಂಡಪ್ಪನ ಮಕ್ಕಳು ಏನಾಗುತ್ತಿದ್ದರೋ!

ಆಗಲೇ ಮುಂದಿನ ಬಾಗಿಲಿಗೆ ಜನ ಬಂದರು. ಮುಂದೆ ಹಸನಸಾಬರು, ಹಿಂದೆ ಅರ್ಧ ಲೈನು. ಈರಪ್ಪನವರು ಅಡುಗೆಮನೆಯಲ್ಲೇ ಉಳಿದರು. ಹಸನಸಾಬರು ಇವರ ಪಕ್ಕದಲ್ಲಿ ಕುಳಿತು ಹೇಳಿದರು: "ದುಂಡಪ್ಪಾ, ನಿನಗ ಆದ ಅನ್ಯಾಯ ನಮಗೆಲ್ಲಾರಿಗೂ ಆದಂಗ. ನೀ ಒಂದ ಮಾತ ಹೇಳ. ಈರಪ್ಪನ್ನ ನಾಳೀನ ತಗದ ಹಾಕತೀವಿ."

ಇವರು ಎಲ್ಲರ ಮುಖ ನೋಡಿ ನಕ್ಕು, "ಆಟ ಎಷ್ಟೊತ್ತಿಗಿ ಐತಿ?" ಎಂದರು.

ಒಂದು ಕ್ಷಣ ತಡೆದು ಎಲ್ಲರೂ ಗೊಳ್ಳೆಂದು ನಕ್ಕರು. "ನೋಡ್ರಿ, ಹೆಂಗ ಚುಚ್ಚಿದ ಮ್ಯಾನೇಜರಗ!" ಎಂದು ಒಬ್ಬ ತೊಡೆ ತಟ್ಟಿಕೊಂಡ. ಇವರಿಗೆ ನಗು ಯಾಕೆಂದು ತಿಳಿಯಲಿಲ್ಲ. ಮತ್ತೆ, ಅದೇ ದನಿಯಲ್ಲಿ, ಅದೇ ಮಾತು ಕೇಳಿದರು. ಈ ಸಲ ನಗು ಅರ್ಧಕ್ಕೇ ನಿಂತಿತು.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಒಳಗಿನಿಂದ ಈರಪ್ಪನವರು ಬೇಡವೆಂದು ಕೈ ಮಾಡುತ್ತಿದ್ದರು. ಹೊಸ ಸೊಸೆ, ಅಷ್ಟು ಗಂಡಸರ ಮುಂದೆ ಬಾಯಿ ತೆರೆದವಳಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಹೊರಗೆ ಬಂದೆ.

"ಚೇಷ್ಟಿ ಅಲ್ರಿ ಅದು," ಎಂದೆ. "ಪೆಟ್ಟ ಬಿದ್ದಾಗಿಂದ ಅವರಿಗಿ ಏನೂ ನೆನಪ ಉಳಿಯವಲ್ದು. ಯಾವ ಕಡೆ ಹೊಡೀಬೇಕು ಅಂತ ಈರಪ್ಪ ಕಾಕಾಗ ಕೇಳಿದ್ರಂತ. ಅದಕ್ಕ ಕುಂದ್ರಿಸಿದ್ರು. ಇನ್ನೊಮ್ಮೆ ಹಾರಿದ್ರ ಇವತ್ತ ನೀವು ಬ್ಯಾರೆ ಕೆಲಸಕ್ಕ ನಮ್ಮ ಮನಿಗಿ ಬರತಿದ್ರಿ. ನಿಮಗ ಆಟ ಹೋತು. ನನಗ ನನ್ನ ಗಂಡ ಉಳದಾನ್ರಿ."

ನೀರಿನ ಸದ್ದು ಅಷ್ಟು ಸ್ಪಷ್ಟವಾಗಿ ಮನೆಯೊಳಗೆ ಎಂದೂ ಕೇಳಿಸಿರಲಿಲ್ಲ. ಹಸನಸಾಬರು ಎದ್ದು ಒಳಗೆ ಇಣುಕಿದರು. ಒಲೆಯ ಮುಂದೆ ಕುಳಿತ ಮ್ಯಾನೇಜರು ಕಂಡರು.

"ಅಲ್ರಿ, ಇಷ್ಟೊತ್ತನ ಬೈಸ್ಕೊಂಡ ನಿಂತಿದ್ರಲ್ಲ, ಒಂದ ಮಾತ ಹೇಳಾಕ ಏನಾಗಿತ್ತ ನಿಮಗ?" ಎಂದು ಅವರ ಮೇಲೇ ರೇಗಿದರು.

"ಹೇಳಿದ್ರ ಕೇಳತಿದ್ರೇನು? ನಿಮ್ಮ ಒದರಾಟದಾಗ ನನಗ ಸೀಟೀನ ಕೇಳಸಲಿಲ್ಲ."

ಹಸನಸಾಬರು ಹೊರಟುಹೋದರು. ಸಿಟ್ಟಾದರು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಚಹಾದ ಕಿಟಲಿ ಹಿಡಿದು ತಿರುಗಿ ಬಂದರು. ಮೊದಲ ಕಪ್ಪು ಈರಪ್ಪನವರಿಗೆ ಕೊಟ್ಟರು. ಅವರ ಕಡೆ ನೋಡದೆ ಕೊಟ್ಟರು, ಅದು ಬೇರೆ ಮಾತು. ಆಮೇಲೆ ಎಲ್ಲರಿಗೂ ಹೇಳಿದರು: "ಈ ಮಾತ ಈ ಮನಿ ದಾಟಬಾರದು."

ನೀವು ನಂಬುವುದಿಲ್ಲ, ಪಿಸುಮಾತೇ ಬಾರದ ಆ ಊರಿನಲ್ಲಿ ಆ ಮಾತು ಮನೆ ದಾಟಲಿಲ್ಲ. ಮರುದಿನ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ದುಂಡಪ್ಪನ ಕಾಲು ಉಳುಕಿತ್ತು ಎಂದು ಊರೆಲ್ಲ ಹೇಳುತ್ತಿತ್ತು. ಸೋಲಿಗೆ ಯಾರಾದರೂ ಬೇಕಲ್ಲ, ಗೋಲು ಕಾಯುವವನನ್ನು ಹಿಡಿದುಕೊಂಡರು. ಪಾಪ, ಅವನು ಒಂದು ವಾರ ಚಹಾ ಅಂಗಡಿಯ ಕಡೆ ಸುಳಿಯಲಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಇವರು ಸರಿಯಾಗಿದ್ದರು. ಆದರೆ ಹಾರಿದ ಗಳಿಗೆಯಿಂದ ಆ ಬೆಳಗಿನವರೆಗಿನದೆಲ್ಲ ಅಳಿಸಿಹೋಗಿತ್ತು. ಫಾಲ್ಸಿನಲ್ಲಿ ಆ ಸೋಲನ್ನು ಕಾಣದ ಗಂಡಸು ಇವರೊಬ್ಬರೇ.

ಮರುವರ್ಷ ನಮ್ಮವರು ಸಂಕೇಶ್ವರಕ್ಕೆ ಹೋದರು. ಚಕ್ಕಡಿ ಕಟ್ಟಿಕೊಂಡು ನಾವು ಕೆಲವು ಹೆಂಗಸರೂ ಹೋದೆವು. ಇವರನ್ನು ಆಡಿಸಲು ಡಾಕ್ಟರರು ಒಪ್ಪುವವರೆಗೆ ಈರಪ್ಪನವರು ಒಪ್ಪಿರಲಿಲ್ಲ. ಆಟ ಸರಿಸಮವಾಗಿ ನಡೆದಿತ್ತು. ಕೊನೆಗೆ ಒಂದು ಚೆಂಡು ಎತ್ತರಕ್ಕೆ ಬಂತು, ನೇರ ಇವರ ಕಡೆಗೆ. ಎದುರಿಗೆ ಗೋಲು. ಇವರು ಹಾರಲು ಮೊಣಕಾಲು ಮಡಿಸಿದರು. ಆಗ ನಮ್ಮ ಫಾಲ್ಸಿನ ಮಂದಿ, ಹೆಚ್ಚಿನವರು ಆ ಸಂಜೆ ನಮ್ಮ ಮನೆಯಲ್ಲಿದ್ದವರೇ, ಎದ್ದು ನಿಂತು, ಒಂದೇ ದನಿಯಲ್ಲಿ ಕೂಗಿತು: "ತಲಿ ಬ್ಯಾಡೋ ದುಂಡಪ್ಪಾ!"

ಇವರು ಗಾಬರಿಯಾಗಿ ತಲೆ ಬಗ್ಗಿಸಿದರು. ಚೆಂಡು ಮೇಲಿನಿಂದ ಹಾದು ಹೊರಗೆ ಹೋಯಿತು. ಸಂಕೇಶ್ವರದವರಿಗೆ ಏನೂ ಅರ್ಥವಾಗಲಿಲ್ಲ. ಗೆಲ್ಲುವ ಗೋಲು ತಪ್ಪಿಸಿಕೊಂಡ ತಮ್ಮವನಿಗೆ ಹೀಗೆ ಚಪ್ಪಾಳೆ ಹೊಡೆಯುವ ಜನರನ್ನು ಅವರು ಎಲ್ಲಿ ಕಂಡಿದ್ದರು? ಎಲ್ಲರಿಗಿಂತ ಜೋರಾಗಿ ಹೊಡೆದವರು ಹಸನಸಾಬರು. ಆಟ ಸಮವಾಗಿ ಮುಗಿಯಿತು. ದಾರಿಯುದ್ದಕ್ಕೂ ಹಾಡುತ್ತ ಬಂದೆವು.

ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳು ನಾನು. ಇಷ್ಟನ್ನು ಬರೆಯಲು ನಾಲ್ಕು ದಿನ ಹಿಡಿಯಿತು. ಬರೆದದ್ದನ್ನು ನಿನ್ನೆ ಇವರಿಗೆ ಓದಿ ತೋರಿಸಿದೆ. ಕೇಳಿ ಮುಗಿಸಿ ತಮ್ಮ ಹೆಗಲು ಸವರಿಕೊಂಡರು. ಆಮೇಲೆ ಹೇಳಿದರು: "ಏನೂ ನೆನಪಿಲ್ಲ ಅಂತ ಬರದೀ. ಒಂದ ನೆನಪೈತಿ. ಹೆಗಲ ಮ್ಯಾಲ ಯಾರೋ ಕೈ ಇಟ್ಟಿದ್ರು. ಭಾಳ ಭಾರದ ಕೈ. ಏಳಾಕ ಆಗಲಿಲ್ಲ ನನಗ." ಇಷ್ಟು ವರ್ಷ ಜೊತೆಗೆ ಬಾಳಿದ ಮೇಲೆ ಮೊದಲ ಸಲ ಕೇಳಿದ ಮಾತು.

ಈ ಹೊತ್ತು ಮುಂಜಾನೆ ಬಸ್ಸು ಹತ್ತಿ ಇಬ್ಬರೂ ಫಾಲ್ಸಿಗೆ ಹೋದೆವು. ಈರಪ್ಪನವರು ಇದ್ದಾರೆ. ಮಗನ ಮನೆಯ ಅಂಗಳದಲ್ಲಿ ಬಿಸಿಲಿಗೆ ಕುಳಿತಿದ್ದರು. ಮೀಸೆ ಪೂರ್ತಿ ಬೆಳ್ಳಗಾಗಿದೆ. ಇವರು ಅವರ ಕಿವಿಯ ಹತ್ತಿರ ಬಾಗಿ ಅದನ್ನೇ ಹೇಳಿದರು, ಆ ಭಾರದ ಕೈಯ ಮಾತನ್ನು.

ಮುದುಕರು ತಮ್ಮ ಕೈಯನ್ನು ತಿರುಗಿಸಿ ನೋಡಿಕೊಂಡರು.

"ಭಾರ ಎಲ್ಲಿಂದ ಬರಬೇಕೋ ಹುಚ್ಚಾ," ಎಂದರು. "ಥರಥರ ನಡಗಾಕತ್ತಿತ್ತು. ಮಂದೀಗಿ ಕಾಣಬಾರದಂತ ನಿನ್ನ ಹೆಗಲ ಹಿಡಕೊಂಡಿದ್ನಿ."