ಬಲಗಡೆ ಜೇಬಿನ ಕೋಟು

ನನ್ನ ಮಾವನವರ ಕೋಟನ್ನು ಇಲಿ ಕಡಿಯಲಿಲ್ಲ. ಮುಚ್ಚಳವಿದ್ದ ಒಂದು ಸ್ಟೀಲ್ ಡಬರಿಯ ಆಸೆಗೆ ನಾನೇ ಅದನ್ನು ಕೊಟ್ಟುಬಿಟ್ಟೆ. ಹನ್ನೆರಡು ವರ್ಷ ಈ ಮಾತನ್ನು ಬಾಯೊಳಗೆ ಇಟ್ಟುಕೊಂಡು, ಅದೇ ಬಾಯಲ್ಲಿ ದಿನವೂ ದೇವರ ನಾಮ ಹೇಳಿದ್ದೇನೆ.

ಎಪ್ಪತ್ನಾಲ್ಕನೇ ಇಸವಿ. ನಾವು ಮಧುಗಿರಿಯಲ್ಲಿದ್ದೆವು. ನಮ್ಮವರು ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಮಾವನವರು ತೀರಿಕೊಂಡಾಗ ಅವರ ಕೈಗಡಿಯಾರ ಪಾವಗಡದಲ್ಲಿರುವ ನಮ್ಮ ಭಾವನವರ ಪಾಲಿಗೆ ಹೋಯಿತು, ಉಲ್ಲನ್ ಕೋಟು ನಮ್ಮವರ ಪಾಲಿಗೆ ಬಂತು. ಕುತ್ತಿಗೆಯವರೆಗೆ ಗುಂಡಿ ಹಾಕುವ ಕ್ಲೋಸ್ ಕಾಲರ್ ಕೋಟು. ಒಂದು ಕಾಲಕ್ಕೆ ಬೂದಿ ಬಣ್ಣವಂತೆ. ನಾನು ನೋಡುವ ಹೊತ್ತಿಗೆ ಬಿಸಿಲಿಗೆ ಮಾಸಿ ಯಾವ ಬಣ್ಣವೆಂದು ಹೇಳಲಾಗದಂತಾಗಿತ್ತು. ಕಂಕುಳಲ್ಲಿ ಹರಿದಾಗ ಬೂದು ದಾರ ಸಿಗದೆ ಹಸಿರು ದಾರದಲ್ಲೇ ರಫೂ ಹಾಕಿದ್ದೆ.

ಶ್ರೀರಾಮನವಮಿಗೆ ಎಂಟು ದಿನವಿತ್ತು. ಕೋಸಂಬರಿಯನ್ನು ಗುಡಿಗೆ ಒಯ್ಯಲು ನನ್ನಲ್ಲಿ ಒಂದು ನೆಟ್ಟಗಿನ ಪಾತ್ರೆ ಇರಲಿಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವವಳು ಬಾಗಿಲಿಗೆ ಬಂದಳು. ನಾನು ಎರಡು ಸೀರೆ ತಂದಿಟ್ಟೆ.

"ಸೀರೆ ನಂಗ್ಯಾಕವ್ವ? ಬುಟ್ಟಿ ತುಂಬ ಅವೇ ಅವೆ. ಪ್ಯಾಂಟು, ಕೋಟು ಇದ್ರೆ ತತ್ತಾ" ಅಂದಳು. ಕೋಟು ತಂದಾಗ ಎತ್ತಿ ನೋಡಿ ನಕ್ಕಳು. "ಇದೇನವ್ವ, ಕೋಟೋ ಕಂಬ್ಳಿಯೋ?" ಆಮೇಲೆ ಒಳಗಿನ ಲೈನಿಂಗನ್ನು ಸರಿಸಿ, ಬಟ್ಟೆಯ ಒಳಮೈ ನೋಡಿ, "ಒಳಗೆ ಬಣ್ಣ ಇನ್ನೂ ಗಟ್ಟಿ ಐತೆ, ಬುಡು" ಎಂದು ಡಬರಿ ಕೊಟ್ಟಳು.

ರಾಮನವಮಿ ಚೆನ್ನಾಗಿ ಆಯಿತು. ಆಮೇಲೊಂದು ದಿನ ಮದುವೆಗೆ ಹೊರಟ ನಮ್ಮವರು ಕೋಟು ಕೇಳಿದರು. ಬಾಯಿಗೆ ಏನು ಬಂತೋ ಅದನ್ನೇ ಅಂದೆ —

"ಇಲಿ ಕಡಿದು ಚಿಂದಿ ಮಾಡ್ಬುಟ್ಟಿತ್ತು ರೀ. ತಿಪ್ಪೆಗೆ ಹಾಕ್ದೆ."

ಇವರು ಬೈಯಲಿಲ್ಲ. "ಗಣಪತಿ ವಾಹನ. ಅದ್ರ ಮ್ಯಾಲೆ ಸಿಟ್ಟು ಮಾಡ್ಕೊಂಡು ಏನು ಮಾಡಾನ" ಎಂದು ಬರೀ ಶರ್ಟಿನಲ್ಲಿ ಹೊರಟುಹೋದರು. ನಾನು ಹೇಳಿದ ಸುಳ್ಳಿನ ಪಾಪವನ್ನು ದೇವರ ಇಲಿಯ ತಲೆಗೆ ಕಟ್ಟಿದಂತಾಯಿತು. ಆ ವರ್ಷದಿಂದ ಗೌರಿ ಗಣೇಶ ಹಬ್ಬದಲ್ಲಿ ಗಣಪತಿಗೆ ಇಟ್ಟ ಕಡುಬಿನ ಪಕ್ಕದಲ್ಲಿ ಇಲಿಗೆಂದೇ ಒಂದು ಕಡುಬು ಇಡುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ — ಅದೂ ಒಂದು ಉಪಕಾರ.

ಕೋಟಿನ ಮಾತನ್ನು ಭಾವನವರು ಮಾತ್ರ ಬಿಡಲಿಲ್ಲ. ಪಾವಗಡದಲ್ಲಿ ನೆಲೆಸಿ, ಅಪ್ಪನನ್ನು 'ನಾಯ್ನ' ಅನ್ನುವಷ್ಟು ಅರ್ಧ ತೆಲುಗರೇ ಆಗಿದ್ದಾರೆ ಅವರು. ಬಂದಾಗಲೆಲ್ಲ ಎಲ್ಲರೆದುರು ಕೈಗಡಿಯಾರ ತಟ್ಟಿ, "ನಾಯ್ನ ವಾಚು ಇನ್ನೂ ನಡೀತೈತೆ ನೋಡಪ್ಪ. ನಿನ್ನ ಕೈಲಿ ಒಂದು ಕೋಟು ಕಾಪಾಡಕ್ಕೆ ಆಗ್ಲಿಲ್ಲ" ಅನ್ನುವರು. ನಮ್ಮವರು ತಲೆ ತಗ್ಗಿಸಿ ನಗುವರು. ತಿಪ್ಪೆಗೆ ಹಾಕಿದವಳು ಹೆಂಡತಿ ಎಂದು ಒಂದು ಸಲವೂ — ಒಂದೇ ಒಂದು ಸಲವೂ — ಅವರು ಹೇಳಲಿಲ್ಲ. ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ.

ಎರಡು ವರ್ಷ ಕಳೆದ ಮೇಲೆ ಕುರಿಗಳಿಗೆ ಚುಚ್ಚುಮದ್ದು ಹಾಕಲು ಹುಲಿಕುಂಟೆ ಕಡೆ ಹೋಗಿದ್ದ ನಮ್ಮವರು ಸಿರಾ ಸಂತೆಯನ್ನು ಹಾದು ಮನೆಗೆ ಬಂದರು. ಮೈಮೇಲೆ ಒಂದು ಕೋಟು! ಮೇ ತಿಂಗಳ ಸೆಕೆ, ಹಣೆಯಿಂದ ಬೆವರು ಇಳಿಯುತ್ತಿದೆ, ಮುಖ ಮಾತ್ರ ಮದುವಣಿಗನದು.

"ಲೇ, ನೋಡೇ ಇಲ್ಲಿ! ಸಂತೇಲಿ ಹಳೇ ಕೋಟಿನ ಗುಡ್ಡೆ ಹಾಕಿದ್ರು. 'ಸಾಬ್, ಖಾಸ್ ವಿಲಾಯ್ತಿ ಮಾಲು' ಅಂದ ಅಂಗಡಿಯೋನು. ಎದೆ ಜೇಬು ನೋಡು, ಬಲಗಡೆ! ನಮ್ಮ ಟೈಲರುಗಳಿಗೆ ಬತ್ತದಾ ಇಂಥ ಬುದ್ಧಿ?"

ಹೊಸದರಂತೆ ಹೊಳೆಯುವ ಬೂದಿ ಬಣ್ಣ, ಎದೆ ತೆರೆದ ಓಪನ್ ಕಾಲರ್. ಚೆನ್ನಾಗಿಯೇ ಇತ್ತು. ಇವರು ಗೂಟಕ್ಕೆ ನೇತುಹಾಕಲು ಕೈ ಎತ್ತಿದರು — ಕಂಕುಳಲ್ಲಿ ಹಸಿರು ದಾರ. ನನ್ನ ರಫೂ. ನನ್ನ ಕೈಯ ಸೊಟ್ಟ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ!

ಯಾರೋ ಜಾಣ ಟೈಲರು ಕೋಟನ್ನು ಪೂರ್ತಿ ಬಿಚ್ಚಿ, ಮಾಸಿದ ಹೊರಮೈಯನ್ನು ಒಳಗೆ ಮಾಡಿ, ಬಣ್ಣವಿದ್ದ ಒಳಮೈಯನ್ನು ಹೊರಗೆ ತಿರುವಿ, ಮುಚ್ಚಿದ ಕಾಲರನ್ನೂ ತೆರೆದು ಹೊಲಿದಿದ್ದ. ಹಾಗೆ ತಿರುವಿದರೆ ಎಡಗಡೆಯ ಜೇಬು ಬಲಗಡೆಗೆ ಬರದೆ ಇನ್ನೇನು? ನಾನು ದೇವರಮನೆಗೆ ಓಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕೆ. ನಗುನಗುತ್ತಲೇ ಅತ್ತೆ. ನಾನು ಹೊರಗೆ ಹಾಕಿದ್ದನ್ನು ಭಗವಂತ ಒಗೆದು ತಿರುವಿ, ತಂದು ಗೂಟಕ್ಕೆ ಹಾಕಿಸಿದ್ದ. ಇಷ್ಟು ದೊಡ್ಡ ಕೃಪೆಯನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಹೇಳಿಕೊಳ್ಳಲಿಲ್ಲ. ಮೊದಲ ದಿನವೇ ಹೇಳಿದ್ದರೆ ಇಬ್ಬರೂ ನಕ್ಕು ಮುಗಿಸುತ್ತಿದ್ದೆವೇನೋ... ನಾಚಿಕೆ ಅಡ್ಡ ಬಂತು. ಅಷ್ಟರಲ್ಲಿ ಆ ಕೋಟಿಗೆ ಹೆಸರು ಬಂದುಬಿಟ್ಟಿತು. ಕೊರಟಗೆರೆಯ ಒಂದು ಮದುವೆಯಲ್ಲಿ ಅದನ್ನು ಕಂಡ ಬೀಗರೊಬ್ಬರು, ತಮ್ಮ ಹೊಸ ಕೋಟಿಗೂ ಬಲಗಡೆಯೇ ಜೇಬು ಇಡು ಎಂದು ಟೈಲರನ ಹತ್ತಿರ ಹಟ ಹಿಡಿದರಂತೆ. "ಯಜಮಾನ್ರೇ, ನಿಮ್ಗೇನು ಹಾರ್ಟು ಬಲಗಡೆ ಐತಾ?" ಎಂದು ಟೈಲರು ಕೇಳಿದನಂತೆ. ಇದನ್ನು ಹೇಳುವಾಗಲೆಲ್ಲ ನಮ್ಮವರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ನಾನೂ ನಕ್ಕಿದ್ದೇನೆ, ಹೊಟ್ಟೆ ಹಿಡಿದುಕೊಂಡು.

ಆದರೆ ಒಂದು ಬೆಳಿಗ್ಗೆ ಕೋಟಿನ ಗುಂಡಿ ಹಾಕುತ್ತ ಇವರು ತಡೆದು ನಿಂತರು.

"ಯಾಕೋ ಕಣೇ... ಇದನ್ನ ಹಾಕ್ಕೊಂಡ್ರೆ ಅಪ್ಪ ಹೆಗಲ ಮ್ಯಾಲೆ ಕೈ ಇಟ್ಟಂಗೆ ಆಯ್ತದೆ." ಆಮೇಲೆ ತಾವೇ ನಕ್ಕರು. "ನಂಗೂ ಹುಚ್ಚು! ಯಾವನೋ ದೊರೆ ಕೋಟಲ್ಲಿ ನಮ್ಮಪ್ಪ ಎಲ್ಲಿಂದ ಬರಬೇಕು?"

ನಾನು ಎರಡು ಹೆಜ್ಜೆ ದೂರದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. "ಕಾಫಿ ಆರ್ತದೆ" ಅಂದೆ.

ಕೋಟು ಕೊಟ್ಟದ್ದು ಆಸೆ, ಇಲಿಯ ಮಾತು ಹೆದರಿಕೆ — ಆದರೆ ಆ ಬೆಳಗಿನದಕ್ಕೆ ಏನು ಹೆಸರಿಡಲಿ? ಅವರ ಅಪ್ಪನನ್ನು ಅವರಿಗೆ ಕೊಡುವುದು ನನ್ನ ಕೈಯಲ್ಲಿತ್ತು. ನಾನು ಕೊಡಲಿಲ್ಲ.

ಈ ಭಾನುವಾರ ಮಗಳ ನಿಶ್ಚಿತಾರ್ಥ. ಭಾವನವರು ಬರುತ್ತಾರೆ. ಬೀಗರ ಮುಂದೆಯೂ ವಾಚು ತಟ್ಟದೆ ಬಿಡುವವರಲ್ಲ.

ರೀ, ನಾನು ಬರೆದದ್ದನ್ನೆಲ್ಲ ಕಾಗುಣಿತ ತಿದ್ದಲು ನೀವೇ ಓದುತ್ತೀರಲ್ಲ, ಇದನ್ನೂ ಓದಿ. ಆ ಬೆಳಿಗ್ಗೆ ನಿಮಗೆ ಅನ್ನಿಸಿದ್ದು ಹುಚ್ಚಲ್ಲ. ಹೆಗಲ ಮೇಲಿದ್ದದ್ದು ಅಪ್ಪನ ಕೋಟೇ. ಹತ್ತು ವರ್ಷ ನಿಮ್ಮ ಮೈಗೆ ಗೊತ್ತಿತ್ತು, ನನ್ನ ಬಾಯಿಗೂ ಗೊತ್ತಿತ್ತು. ಭಾನುವಾರ ಅದನ್ನೇ ಹಾಕಿಕೊಂಡು, ತಲೆ ಎತ್ತಿ ಭಾವನವರ ಪಕ್ಕದಲ್ಲಿ ಕುಳಿತುಕೊಳ್ಳಿ. ಮಾತು ನಾನು ಆಡುತ್ತೇನೆ.