ಲೈಟ್‌ಹೌಸ್ ಹತ್ತಿರದ ಜೋಕು

ನಮ್ಮೂರಿಗೆ ಬಂದವರು ನೋಡಬೇಕಾದ್ದು ಏಳು. ಕೋಟೆ, ಲೈಟ್‌ಹೌಸ್, ಮೀನಿನ ಮ್ಯೂಸಿಯಂ, ಹಳೆಯ ಬಂದರು, ಚಿಪ್ಪಿನ ಸಾಮಾನು ಮಾರುವ ಬೀದಿ, ದೋಣಿ ವಿಹಾರ, ಕೊನೆಗೆ ಸೂರ್ಯ ಮುಳುಗುವುದನ್ನು ನೋಡುವ ಬಂಡೆ. ಏಳನ್ನೂ ಒಂದೇ ದಿನದಲ್ಲಿ ತೋರಿಸಿ ಕೈತೊಳೆದುಕೊಳ್ಳುವ ಬಸ್ಸಿನ ಡ್ರೈವರ್ ನಾನು. ಜನ ಸಮುದ್ರ ಕಂಡ ಕೂಡಲೇ ಮಕ್ಕಳಂತೆ ಕಿಟಕಿಗೆ ಬೀಳುತ್ತಾರೆ. ಹತ್ತೊಂಬತ್ತು ವರ್ಷ ನೋಡಿದ ನನಗೆ ಅದು ಎಡಗಡೆ ಕನ್ನಡಿಯಲ್ಲಿ ಕಾಣುವ ನೀರು, ಅಷ್ಟೆ. ಈಗ ಹೇಳಹೊರಟಿರುವುದು ನನ್ನ ಪಕ್ಕದಲ್ಲಿ ಜನರ ಕಡೆ ಮುಖ ಮಾಡಿ, ಮೈಕು ಹಿಡಿದು ನಿಲ್ಲುವ ಗೈಡಿನ ವಿಷಯ. ನಾವೆಲ್ಲ ಅವನನ್ನು ಮೈಕಣ್ಣ ಅಂತಲೇ ಕರೆಯುವುದು.

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆ ಅವನನ್ನು ನೋಡಿಯೇ ಹುಟ್ಟಿರಬೇಕು. ಕೋಟೆಯ ಮುರಿದ ಗೋಡೆಯ ಮೇಲೆ ಎಂದೂ ಇಲ್ಲದ ರಾಣಿಯೊಬ್ಬಳನ್ನು ಹತ್ತಿಸಿ ಯುದ್ಧ ಮಾಡಿಸುತ್ತಿದ್ದ. ಮ್ಯೂಸಿಯಂನ ಗಾಜಿನ ಜಾಡಿಯಲ್ಲಿರುವ ಸತ್ತ ಮೀನಿಗೂ ಮಾವನ ಮನೆ, ಸೊಸೆ, ಜಗಳ ಎಲ್ಲ ಹುಟ್ಟಿಸುತ್ತಿದ್ದ. ಬಿಸಿಲಿಗೆ ಬಸವಳಿದು ಮುಖ ಗಂಟಿಕ್ಕಿಕೊಂಡವರೂ ಹತ್ತು ನಿಮಿಷದಲ್ಲಿ ಹಲ್ಲು ಬಿಡುತ್ತಿದ್ದರು. ಆದರೆ ಅವನಿಗೆ ಹೆಸರು ತಂದದ್ದು ಲೈಟ್‌ಹೌಸ್ ಜೋಕು. ಕೊನೆಯ ತಿರುವು ದಾಟಿ ಗೋಪುರ ಕಂಡ ಕೂಡಲೇ ದನಿ ತಗ್ಗಿಸಿ, ಮನೆಯ ಗುಟ್ಟು ಹೇಳುವವನಂತೆ ಶುರು ಮಾಡುತ್ತಿದ್ದ.

"ನೂರ ಎಂಬತ್ತು ಮೆಟ್ಟಿಲು. ನನ್ನ ಹೆಂಡತಿ ಮೂವತ್ತು ವರ್ಷದಿಂದ ಹತ್ತಬೇಕು ಅಂತಿದಾಳೆ. ನಾನು ಕರ್ಕೊಂಡು ಬಂದಿಲ್ಲ. ಯಾಕೆ ಗೊತ್ತಾ?" ಇಲ್ಲಿ ನಿಲ್ಲಿಸಿ, ಎಡದಿಂದ ಬಲಕ್ಕೆ ಎಲ್ಲರ ಮುಖ ನೋಡುತ್ತಿದ್ದ. "ಈಗಾಗಲೇ ನನ್ನ ತಲೆ ಮೇಲೆ ಹತ್ತಿ ಕೂತಿದಾಳೆ. ಅದಕ್ಕಿಂತ ಎತ್ತರ ಇನ್ನೇನು ಬೇಕು?"

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಗುತ್ತಿತ್ತು. ಗಂಡಸರಿಗಿಂತ ಅವರ ಹೆಂಡಂದಿರು ಹೆಚ್ಚು ನಗುತ್ತಿದ್ದರು, ಅದು ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇಂಟರ್ನೆಟ್ಟಿನಲ್ಲಿ ನಮ್ಮ ಬಸ್ಸಿನ ಬಗ್ಗೆ ಬರೆದವರು ಸಮುದ್ರವನ್ನು ಬಿಟ್ಟರೂ ಆ ಜೋಕನ್ನು ಬಿಡುತ್ತಿರಲಿಲ್ಲ. ತಮಾಷೆ ಇರಲಿ, ಮಾತು ಮಾತ್ರ ನಿಜ. ಅವನ ಹೆಂಡತಿ, ನನಗೆ ಅತ್ತಿಗೆ, ಲೈಟ್‌ಹೌಸನ್ನು ಹತ್ತಿಯೇ ಇರಲಿಲ್ಲ. ಏಳರಲ್ಲಿ ಒಂದನ್ನೂ ಸರಿಯಾಗಿ ನೋಡಿರಲಿಲ್ಲ. ಮನೆಯಲ್ಲೇ ಕೂತು ಬೇರೆಯವರ ಬಟ್ಟೆಗಳನ್ನು ಬಿಗಿ ಸಡಿಲ ಮಾಡಿ ಹೊಲಿದುಕೊಡುತ್ತಿದ್ದರು. ನನ್ನ ಬೆನ್ನುನೋವಿಗೆ ಅಂತ ಡ್ರೈವರ್ ಸೀಟಿಗೆ ದಪ್ಪನೆಯ ದಿಂಬು ಹೊಲಿದುಕೊಟ್ಟವರೂ ಅವರೇ. ಲೈಟ್‌ಹೌಸಿನ ಮಾತು ಎತ್ತಿದಾಗಲೆಲ್ಲ ಮೈಕಣ್ಣ ಸೀಸನ್ ಮುಗಿಯಲಿ ಅನ್ನುತ್ತಿದ್ದ. ಸೀಸನ್ ಮುಗಿದರೆ ಗಾಳಿಯ ಕಾಲ, ಗೋಪುರಕ್ಕೆ ಬೀಗ. ದೀಪದ ಬುಡ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ನಮ್ಮ ಬಸ್ಸಿನಲ್ಲಿ ಒಂದು ನಿಯಮ ಇದೆ. ಮೈಕು ಹಿಡಿದವನ ಜೇಬಿನಲ್ಲಿ ಫೋನ್ ಇದ್ದರೆ ಸ್ಪೀಕರ್ ಗೊರಗೊರ ಅನ್ನುತ್ತದೆ. ಅದಕ್ಕೆ ಬೆಳಗ್ಗೆ ಹೊರಡುವಾಗಲೇ ಗೈಡಿನ ಫೋನ್ ನನ್ನ ಮಂಡಿಯ ಪಕ್ಕದ ತಗಡಿನ ಡಬ್ಬಿಗೆ ಹೋಗಬೇಕು. ಯಾರಾದರೂ ಕರೆ ಮಾಡಿದರೆ ಬಸ್ ನಿಂತಾಗ ಅವನಿಗೆ ಹೇಳುವುದು ನನ್ನ ಕೆಲಸ.

ಕಳೆದ ಸೀಸನ್ನಿನಲ್ಲಿ ಒಂದು ಬೆಳಗ್ಗೆ, ಅದೇ ಲೈಟ್‌ಹೌಸ್ ತಿರುವಿನಲ್ಲಿ, ಡಬ್ಬಿ ನಡುಗಿತು. ಮುಚ್ಚಳ ಎತ್ತಿ ನೋಡಿದೆ. ಮನೆ ಅಂತ ಇತ್ತು. ಮೈಕಣ್ಣ ಆಗತಾನೇ ಜೋಕು ಶುರು ಮಾಡಿದ್ದ, ಮುಗಿಯಲಿ ಅಂದುಕೊಂಡೆ. ಬಸ್ ನಿಂತ ಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಕೋಟೆಯಲ್ಲೇ ಮುಕ್ಕಾಲು ಗಂಟೆ ತಡವಾಗಿತ್ತು. ಹಿಂದಿನ ದಿನವೂ ತಡವಾಗಿ, ಮ್ಯಾನೇಜರ್ ಎಲ್ಲರೆದುರು ನನ್ನ ಮಾನ ಹರಾಜು ಹಾಕಿದ್ದ. ಮೈಕಣ್ಣ ಫೋನ್ ಹಿಡಿದರೆ ಬೇಗ ಬಿಡುವ ಪೈಕಿಯಲ್ಲ. ಮನೆಯಿಂದ ತಾನೇ, ಊಟದ ಹೊತ್ತಿಗೆ ಹೇಳಿದರಾಯಿತು ಅಂದುಕೊಂಡೆ. ಡಬ್ಬಿ ಮತ್ತೆ ಮತ್ತೆ ನಡುಗಿತು. ಮ್ಯೂಸಿಯಂ ತಲುಪುವ ಹೊತ್ತಿಗೆ ಒಂಬತ್ತು ಸಲ. ಆಮೇಲೆ ನಿಂತಿತು. ಪೀಡೆ ತೊಲಗಿತು ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಎದೆನೋವು ಬಂದು ಅತ್ತಿಗೆ ಗಂಡನಿಗೆ ಕರೆ ಮಾಡಿ ಮಾಡಿ ಸಾಕಾಗಿ, ಕೊನೆಗೆ ಬಾಗಿಲವರೆಗೆ ತೆವಳಿಕೊಂಡು ಬಂದಿದ್ದರಂತೆ. ಪಕ್ಕದ ಮನೆಯವರು ಕಂಡು ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ಉಳಿಸಬಹುದಿತ್ತು ಅಂತ ಡಾಕ್ಟರ್ ಅಂದರಂತೆ. ಆ ಸಂಜೆ ಮೈಕಣ್ಣ ನನ್ನನ್ನು ಕೇಳಿದ್ದು ಒಂದೇ ಮಾತು, ಫೋನ್ ನಡುಗಿದ್ದು ಗೊತ್ತಾಗಲಿಲ್ಲವಾ ಅಂತ. ಇಂಜಿನ್ ಸದ್ದಿನಲ್ಲಿ ಗೊತ್ತಾಗಲಿಲ್ಲ ಅಂದೆ. ಅವನು ತಲೆಯಾಡಿಸಿದ. ಮತ್ತೆಂದೂ ಕೇಳಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಶಾಲೆಯಲ್ಲಿ ಟೀಚರ್, ಮದುವೆಯಾಗಿ ಊರಿನ ಇನ್ನೊಂದು ಮೂಲೆಯಲ್ಲಿದ್ದಾಳೆ. ತಾಯಿಯ ಫೋನಿನಲ್ಲಿ ಒಂಬತ್ತು ಕರೆಗಳನ್ನು ನೋಡಿದವಳು ಅವಳೇ. ಯಾಕೆ ಎತ್ತಲಿಲ್ಲ ಅಂತ ಅಪ್ಪನನ್ನು ಎಲ್ಲರ ಮುಂದೆ ಕೇಳಿದಳು. ಅವನು ಅತ್ತನೇ ಹೊರತು ಉತ್ತರ ಹೇಳಲಿಲ್ಲ. ಅಲ್ಲಿಂದಾಚೆಗೆ ಅವಳ ಮಾತು ನಿಂತಿತು. ರಜೆಯ ದಿನ ಅವಳ ಮನೆಗೆ ಹೋದರೆ ಅಳಿಯ ಕೂರಿಸಿ ನೀರು ಕೊಡುತ್ತಿದ್ದ, ಮಗಳು ಒಳಗಿನಿಂದ ಬರುತ್ತಿರಲಿಲ್ಲ. ಮೈಕಣ್ಣನಿಗೆ ಬೇಕಿದ್ದುದು ಇಷ್ಟೇ, ಅವಳು ಒಂದು ಸಲ ಮನೆಗೆ ಬರಬೇಕು, ಅಮ್ಮನ ಹೊಲಿಗೆ ಮಿಷನ್ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಇದನ್ನು ದಿನಾ ನನ್ನ ಹತ್ತಿರವೇ ಹೇಳಿಕೊಳ್ಳುತ್ತಿದ್ದ, ನಾನು ಡೀಸೆಲ್ ಹಾಕಿಸುವಾಗ. ನಾನು ಹೂಂಗುಟ್ಟುತ್ತಿದ್ದೆ.

ಅತ್ತಿಗೆ ಹೋಗಿ ಹದಿನೈದು ದಿನಕ್ಕೆ ಕೆಲಸಕ್ಕೆ ಬಂದ ಮೈಕಣ್ಣ ಲೈಟ್‌ಹೌಸ್ ತಿರುವಿನಲ್ಲಿ ಮೆಟ್ಟಿಲು ಎಷ್ಟು ಅಂತ ಹೇಳಿ ಸುಮ್ಮನಾದ. ಹೆಂಡತಿ ಜೋಕು ಎಲ್ಲಿ ಅಂತ ಯಾರೋ ಹಿಂದಿನಿಂದ ಕೂಗಿದರು. ಒಂದು ವಾರದಲ್ಲಿ ದೂರು ಹೋಯಿತು. ಮ್ಯಾನೇಜರ್ ಅವನನ್ನು ಕೂರಿಸಿ, ನಿಮ್ಮ ಸಂಕಟ ಅರ್ಥವಾಗುತ್ತೆ, ಆದರೆ ಜನ ಬರುವುದೇ ಅದನ್ನು ಕೇಳಲಿಕ್ಕೆ ಅಂದ. ಮೈಕಣ್ಣ ಮತ್ತೆ ಹೇಳತೊಡಗಿದ. ಅಂತಿದಾಳೆ, ಕೂತಿದಾಳೆ, ಎಲ್ಲ ಬದುಕಿರುವವಳ ಬಗ್ಗೆ ಆಡುವ ಮಾತು. ಜನ ನಗುವಾಗ ಅವನು ಕಿಟಕಿಯಾಚೆ ನೋಡುತ್ತಿದ್ದ. ನನಗೆ ಸ್ಟೀರಿಂಗ್ ಬಿಟ್ಟು ಓಡಿಹೋಗೋಣ ಅನಿಸುತ್ತಿತ್ತು.

ಮಗಳ ಶಾಲೆಗೆ ಹೊಸದಾಗಿ ಸೇರಿದ ಇನ್ನೊಬ್ಬ ಟೀಚರ್ ನೆಂಟರನ್ನು ಕಟ್ಟಿಕೊಂಡು ನಮ್ಮ ಬಸ್ಸಿಗೆ ಬಂದಿದ್ದರಂತೆ. ನಿಮ್ಮಪ್ಪ ನಿಮ್ಮಮ್ಮನ ಬಗ್ಗೆ ಎಷ್ಟು ಚೆನ್ನಾಗಿ ತಮಾಷೆ ಮಾಡುತ್ತಾರೆ ಅಂತ ಹೋಗಿ ಹೊಗಳಿದ್ದಾರೆ. ಪಾಪ, ಅವರಿಗೇನು ಗೊತ್ತು. ಮುಂದಿನ ಶನಿವಾರ ಮಗಳು ತಾನೇ ಬಂದು ಬಸ್ ಹತ್ತಿದಳು. ಚೆನ್ನಾಗಿದೀರಾ ಮಾಮ ಅಂತ ನನ್ನನ್ನು ಕೇಳಿದಳು, ಚಿಕ್ಕಂದಿನಿಂದ ನನ್ನನ್ನು ಹಾಗೇ ಕರೆಯುವುದು. ಕೊನೆಯ ಸೀಟಿನಲ್ಲಿ ಕೂತಳು. ಮೈಕಣ್ಣ ಬಗ್ಗಿ ನನ್ನ ಕಿವಿಯಲ್ಲಿ, ಬಂದಳಲ್ಲ, ಬಂದಳಲ್ಲ ಅಂತ ಎರಡು ಸಲ ಅಂದ. ಆವತ್ತು ಕೋಟೆಯಲ್ಲಿ ಅವನ ರಾಣಿ ಎಂದಿಗಿಂತ ಚೆನ್ನಾಗಿ ಯುದ್ಧ ಮಾಡಿದಳು.

ಲೈಟ್‌ಹೌಸ್ ತಿರುವು ಬಂತು. ಮುಂದಿನ ಸೀಟಿನ ಹೆಂಗಸೊಬ್ಬಳು ಆಗಲೇ ಬಾಯಿಗೆ ಕೈ ಅಡ್ಡ ಹಿಡಿದು ನಗಲು ತಯಾರಾಗಿದ್ದಳು. ಮೈಕಣ್ಣ ಕೊನೆಯ ಸೀಟನ್ನು ನೋಡಿದ.

"ನೂರ ಎಂಬತ್ತು ಮೆಟ್ಟಿಲು. ನನ್ನ ಹೆಂಡತಿ ಮೂವತ್ತು ವರ್ಷ ಹತ್ತಬೇಕು ಅಂದ್ಲು. ನಾನು ಕರ್ಕೊಂಡು ಬರಲಿಲ್ಲ." ಅಭ್ಯಾಸಬಲದಿಂದ ನಿಲ್ಲಿಸಿ, ಎಡದಿಂದ ಬಲಕ್ಕೆ ಮುಖಗಳನ್ನು ನೋಡಿದ. "ಈಗ ಅವಳಿಲ್ಲ. ತೀರಿಕೊಂಡ್ಲು."

ಬಸ್ಸು ಗೊಳ್ಳೆಂದು ನಕ್ಕಿತು. ಅವರದೇನೂ ತಪ್ಪಿಲ್ಲ. ಅದೇ ದನಿ, ಅದೇ ನಿಲುಗಡೆ, ಅದೇ ಮುಖ. ಇಷ್ಟು ವರ್ಷದಲ್ಲಿ ಆ ಮುಖಕ್ಕೆ ಬೇರೆ ಥರ ಹೇಳುವುದೇ ಮರೆತುಹೋಗಿತ್ತು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಜನ ಇಳಿದು ಮೆಟ್ಟಿಲ ಕಡೆ ಹೋದರು. ಮಗಳು ಕೊನೆಗೆ ಇಳಿದು ಬಾಗಿಲ ಬಳಿ ಅಪ್ಪನ ಎದುರು ನಿಂತಳು. ನಾನು ಸೀಟಿನಲ್ಲೇ ಇದ್ದೆ, ಎರಡು ಮಾರು ದೂರದಲ್ಲಿ. ಅವಳು ಕೂಗಾಡಲಿಲ್ಲ.

"ಅಪ್ಪ, ನಾನು ಜಗಳಕ್ಕೆ ಬಂದಿಲ್ಲ. ಅವತ್ತು ಫೋನ್ ಯಾಕೆ ಎತ್ತಲಿಲ್ಲ? ಏನಾದ್ರೂ ಒಂದು ಕಾರಣ ಇದ್ದೇ ಇರುತ್ತೆ. ಅದನ್ನ ಹೇಳಿಬಿಡು ಸಾಕು, ಮನೆಗೆ ಬರ್ತೀನಿ."

ಫೋನ್ ನನ್ನ ಹತ್ತಿರ ಇತ್ತಮ್ಮ, ನೋಡಿಯೂ ಹೇಳಲಿಲ್ಲ. ಇಷ್ಟೇ ನಾನು ಹೇಳಬೇಕಾಗಿದ್ದುದು. ಮೈಕಣ್ಣ ತಿರುಗಿ ನನ್ನನ್ನು ನೋಡಿದ. ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು ಅಂತ ನನಗೆ ಆಗ ಗೊತ್ತಾಯಿತು. ನಾನೇ ಹೇಳಲಿ ಅಂತ ಕಾದ. ನಾನು ಮೀಟರಿನ ಕಡೆ ನೋಡಿದೆ. ಅವನು ಮಗಳ ಕಡೆ ತಿರುಗಿದ.

"ಜೇಬಲ್ಲೇ ಇತ್ತಮ್ಮ. ನಡುಗ್ತಾನೇ ಇತ್ತು. ಜೋಕ್ ಹೇಳ್ತಿದ್ದೆ, ಎತ್ತಲಿಲ್ಲ."

ಅವಳು ಬ್ಯಾಗು ಹೆಗಲಿಗೆ ಏರಿಸಿಕೊಂಡಳು. ರಸ್ತೆಯವರೆಗೆ ನಡೆದು, ಊರ ಕಡೆ ಹೋಗುವ ಮೊದಲ ಬಸ್ಸು ಹತ್ತಿ ಹೋದಳು. ಮೈಕಣ್ಣ ನಮ್ಮ ಬಸ್ಸಿನ ಮೆಟ್ಟಿಲ ಮೇಲೆ ಕೂತ. ಯಾಕಣ್ಣ ಹಾಗೆ ಹೇಳಿದೆ ಅಂತ ಕೇಳಲು ಆಗ ಮಾತ್ರ ನನಗೆ ಬಾಯಿ ಬಂತು.

"ನೀನು ಹೇಳಿದ್ರೂ ನಾನು ಎತ್ತುತ್ತಿದ್ನೋ ಇಲ್ವೋ, ನನಗೇ ಗೊತ್ತಿಲ್ಲ ಕಣೋ," ಅಂದ. "ಮನೆಯಿಂದ ತಾನೇ, ಆಮೇಲೆ ಮಾಡಿದ್ರಾಯ್ತು ಅಂತಿದ್ದೆ."

ಇದಾಗಿ ನಾಲ್ಕು ತಿಂಗಳು. ಅವನು ಈಗಲೂ ಏಳನ್ನೂ ತೋರಿಸುತ್ತಾನೆ. ಮಗಳು ಮನೆ ಬದಲಾಯಿಸಿದ್ದಾಳೆ, ಎಲ್ಲಿಗೆ ಅಂತ ಅಪ್ಪನಿಗೆ ಹೇಳಿಲ್ಲ. ಆದರೆ ಅವಳ ಶಾಲೆ ನಮ್ಮ ದಾರಿಯಲ್ಲೇ ಇದೆ, ಕೋಟೆ ಬಿಟ್ಟ ಮೇಲೆ ಎರಡನೇ ರಸ್ತೆ. ಗೇಟಿನ ಮುಂದೆ ರಸ್ತೆ ಉಬ್ಬು ಇರುವುದರಿಂದ ನಿಧಾನ ಮಾಡಲೇಬೇಕು. ಕೆಳಗಿನ ಕೋಣೆಯಲ್ಲಿ ಅವಳು ಬೋರ್ಡಿನ ಮೇಲೆ ಬರೆಯುತ್ತಿರುವುದು ಕಿಟಕಿಯಿಂದ ಕಾಣುತ್ತದೆ. ಅಲ್ಲಿ ಮೈಕಣ್ಣ ಮಾತು ನಿಲ್ಲಿಸುತ್ತಾನೆ. ನಾನು ಬಸ್ ನಿಲ್ಲಿಸಿ, ಇಳಿದು ಹೋಗಿ, ನಿಜ ಹೇಳಿ ಬರಲು ಐದು ನಿಮಿಷ ಸಾಕು. ನಾಳೆ ಹೇಳಿದರಾಯಿತು ಅಂದುಕೊಂಡು ದಿನಾ ಆ ಉಬ್ಬನ್ನು ದಾಟಿಸುತ್ತೇನೆ.